ಆರು ಮೂಲೆಯ ಪ್ರಿಸಮ್‌ಗೆ ಪಿರಮಿಡ್ ಕೂರುತ್ತದೆ, ಏಳು ಮೂಲೆಯದಕ್ಕೆ ಯಾಕೆ ಕೂರುವುದಿಲ್ಲ?

ಸೇಡಂ_ಗಣಿತ:

ಎಲ್ಲರಿಗೂ ನಮಸ್ಕಾರ ರೀ. ನಾನು ಸೇಡಂ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ವಿಜ್ಞಾನ ವಸ್ತುಪ್ರದರ್ಶನಕ್ಕೆ ಒಂಬತ್ತನೇ ತರಗತಿ ಮಕ್ಕಳು ರಟ್ಟಿನಲ್ಲಿ ಘನಾಕೃತಿ ಮಾಡುತ್ತಿದ್ದಾರೆ. ಬರೀ ಘನ, ಸಿಲಿಂಡರ್, ಶಂಕು ಇಡುವುದು ಬೇಡ ಅಂತ ಮಕ್ಕಳೇ ಹಟ ಹಿಡಿದರು. ಹಾಗಾಗಿ ಒಂದು ಆಟ ಹಾಕಿಕೊಂಡೆವು. ಸಣ್ಣ ಆಕೃತಿಗಳನ್ನು ಮುಖಕ್ಕೆ ಮುಖ ಅಂಟಿಸಿ ದೊಡ್ಡ ಆಕೃತಿ ಮಾಡಬೇಕು. ಎಲ್ಲ ಅಂಚೂ 6 ಸೆಂ.ಮೀ. ಹೊರಗೆ ಕಾಣುವ ಪ್ರತಿ ಮುಖವೂ ಸಮಬಾಹು ತ್ರಿಭುಜ, ಚೌಕ, ನಿಯಮಿತ ಪಂಚಭುಜ, ಹೀಗೆ ಎಲ್ಲ ಬದಿಯೂ ಎಲ್ಲ ಕೋನವೂ ಸಮ ಇರಬೇಕು. ಎಲ್ಲೂ ತಗ್ಗು ಬೀಳಬಾರದು, ಅಂದರೆ ಆಕೃತಿ ಪೀನವಾಗಿರಬೇಕು.

ಆಟ ಸರಳ ಅಂದುಕೊಂಡಿದ್ದೆವು, ಆದರೆ ಇದರಲ್ಲಿ ಏನೋ ದೊಡ್ಡ ವಿಷಯ ಇದೆ ಅನ್ನಿಸುತ್ತಿದೆ. ನಾಲ್ಕು ತ್ರಿಭುಜದ ಚತುರ್ಮುಖಿ ಎರಡು ಜೋಡಿಸಿದರೆ ಚಂದ ಬರುತ್ತದೆ, ಮೂರನೆಯದು ಜೋಡಿಸಿದರೆ ತಗ್ಗು. ಘನದ ತಲೆಗೆ ಒಂದು ಪಿರಮಿಡ್, ಬುಡಕ್ಕೆ ಒಂದು ಪಿರಮಿಡ್ ಸರಿ. ತಲೆಗೆ ಮತ್ತು ಪಕ್ಕದ ಗೋಡೆಗೆ ಹಚ್ಚಿದರೆ ತಗ್ಗು. ಪ್ರಿಸಮ್ ಅಂದರೆ ತಲೆಗೂ ಬುಡಕ್ಕೂ ಒಂದೇ ಬಹುಭುಜ, ಸುತ್ತ ಚೌಕದ ಗೋಡೆ. ತ್ರಿಭುಜ ಪ್ರಿಸಮ್‌ಗೆ ಮಾತ್ರ ಮೂರು ಗೋಡೆಗೂ ಪಿರಮಿಡ್ ಹಚ್ಚಬಹುದು! ಪಂಚಭುಜ, ಷಡ್ಭುಜ ಪ್ರಿಸಮ್‌ಗೆ ಒಂದು ಗೋಡೆಗೆ ಹಚ್ಚಿದರೆ ಸರಿ. ಸಪ್ತಭುಜಕ್ಕೆ ಹೋದ ಕೂಡಲೇ ಅಂಟಿದ ಅಂಚಿನಲ್ಲಿ ಸ್ವಲ್ಪ ಒಳಗೆ ಹೋದಂತೆ ಕಾಣುತ್ತದೆ. ಇನ್ನೊಂದು ವಿಚಿತ್ರ. ಎಂಟು ತ್ರಿಭುಜದ ಅಷ್ಟಮುಖಿಗೆ ಚತುರ್ಮುಖಿ ಅಂಟಿಸಿದರೆ ನಡುವಿನ ಅಂಚೇ ಮಾಯವಾಗಿ, ಎರಡು ತ್ರಿಭುಜ ಸೇರಿ ಒಂದೇ ಸಪಾಟು ಮುಖ ಆಗಿಬಿಡುತ್ತದೆ.

ಒಬ್ಬ ಹುಡುಗಿ ಕೇಳಿದಳು: "ಸರ್, ಆರಕ್ಕೂ ಏಳಕ್ಕೂ ನಡುವೆ ಏನಾಯ್ತು?" ಈ ಪ್ರಶ್ನೆಗೆ ಮಕ್ಕಳಿಗೆ ತಿಳಿಯುವಂಥ ಉತ್ತರ ಬೇಕು. ಇಂಥ ಆಕೃತಿಗಳು ಒಟ್ಟು ಎಷ್ಟಿವೆ ಅನ್ನುವುದೂ ಬೇಕು. ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.


ಡ್ರಾಯಿಂಗ್_ಮೇಡಂ_ಕಲಬುರಗಿ:

ಸರ್, ಆ ಹುಡುಗಿಗೆ ಮೊದಲು ನನ್ನ ಶಾಬಾಸ್ ಹೇಳಿ. ನಾನು ಪಾಲಿಟೆಕ್ನಿಕ್‌ನಲ್ಲಿ ಇಂಜಿನಿಯರಿಂಗ್ ಡ್ರಾಯಿಂಗ್ ಹೇಳಿಕೊಟ್ಟು ನಿವೃತ್ತಳಾದವಳು. ವಿದ್ಯಾರ್ಥಿಗಳು ಯಾವಾಗಲೂ ಮುಖ ನೋಡುತ್ತಾರೆ, ಮೂಲೆ ನೋಡುತ್ತಾರೆ. ಅಂಚನ್ನು ಯಾರೂ ನೋಡುವುದಿಲ್ಲ. ನಿಮ್ಮ ಉತ್ತರ ಪೂರ್ತಿ ಅಂಚಿನಲ್ಲೇ ಇದೆ.

ಒಂದು ಅಂಚು ಅಂದರೆ ಎರಡು ಮುಖ ಸೇರುವ ಜಾಗ. ಆಕೃತಿಯ ಒಳಗಿನಿಂದ ನೋಡಿದರೆ ಆ ಎರಡು ಮುಖಗಳ ನಡುವೆ ಒಂದು ಕೋನ ಇರುತ್ತದೆ. ಘನದಲ್ಲಿ ಅದು 90 ಡಿಗ್ರಿ. ಎರಡು ಆಕೃತಿ ಅಂಟಿಸಿದಾಗ, ಅಂಟಿದ ಮುಖದ ಸುತ್ತಲಿನ ಪ್ರತಿ ಅಂಚಿನಲ್ಲೂ ಎರಡರ ಕೋನ ಕೂಡುತ್ತವೆ. ಮೊತ್ತ 180ಕ್ಕಿಂತ ಕಡಿಮೆ ಬಂದರೆ ಅಲ್ಲಿ ಉಬ್ಬು ಉಳಿಯುತ್ತದೆ. ಜಾಸ್ತಿ ಬಂದರೆ ತಗ್ಗು. ಸರಿಯಾಗಿ 180 ಬಂದರೆ ಎರಡು ಮುಖ ಒಂದೇ ಸಪಾಟಾಗಿ ಅಂಚು ಹೋಗಿಬಿಡುತ್ತದೆ. ಇಷ್ಟೇ ನಿಯಮ. ಅಂಟಿದ ಮುಖದ ಒಂದು ಅಂಚು ನೋಡಿ ಬಿಡಬಾರದು, ಸುತ್ತ ಎಲ್ಲ ಅಂಚನ್ನೂ ನೋಡಬೇಕು.

ಈಗ ನಿಮ್ಮ ಚೌಕ ಪಿರಮಿಡ್. ಬುಡದ ಚೌಕಕ್ಕೂ ಪಕ್ಕದ ತ್ರಿಭುಜಕ್ಕೂ ನಡುವಿನ ಕೋನ ಬೇಕು. ಪಿರಮಿಡ್ಡನ್ನು ತುದಿಯಿಂದ ಕೆಳಗೆ, ಎದುರುಬದುರು ಅಂಚುಗಳ ಮಧ್ಯದ ಮೂಲಕ ಕತ್ತರಿಸಿದಂತೆ ಚಿತ್ರ ಬರೆಸಿ. ಬುಡದ ಮಧ್ಯದಿಂದ ಅಂಚಿಗೆ 3 ಸೆಂ.ಮೀ. ಪಕ್ಕದ ತ್ರಿಭುಜದ ಎತ್ತರ 5.2 ಸೆಂ.ಮೀ. ಪೈಥಾಗೊರಸ್ ಹಾಕಿದರೆ 27ರಲ್ಲಿ 9 ಕಳೆದು 18, ಅದರ ವರ್ಗಮೂಲ 4.24. ಇದು ಪಿರಮಿಡ್‌ನ ಎತ್ತರ. ಈ ಲಂಬಕೋನ ತ್ರಿಭುಜವನ್ನು ನಿಜ ಅಳತೆಯಲ್ಲಿ ಹಾಳೆಯ ಮೇಲೆ ಬರೆದು ಕೋನಮಾಪಕ ಇಡಲಿ. 55ರ ಹತ್ತಿರ ಬರುತ್ತದೆ. ಕರಾರುವಾಕ್ಕಾಗಿ 54.74. ಹತ್ತನೇ ತರಗತಿಗೆ ಹೋದ ಮೇಲೆ ಇದನ್ನೇ ತ್ರಿಕೋನಮಿತಿಯಲ್ಲಿ ತೆಗೆಯುತ್ತಾರೆ.

ಪ್ರಿಸಮ್‌ನ ಎರಡು ಗೋಡೆ ಸೇರುವ ಅಂಚಿನ ಕೋನ ಅಂದರೆ ಬುಡದ ಬಹುಭುಜದ ಒಳಕೋನವೇ. ತ್ರಿಭುಜಕ್ಕೆ 60, ಪಂಚಭುಜಕ್ಕೆ 108, ಷಡ್ಭುಜಕ್ಕೆ 120, ಸಪ್ತಭುಜಕ್ಕೆ 128.57. ಪಿರಮಿಡ್ 54.74 ತಿನ್ನುತ್ತದೆ. 180ರಲ್ಲಿ ಅದನ್ನು ಕಳೆದರೆ 125.26 ಉಳಿಯಿತು. ಗೋಡೆಗಳ ಕೋನ ಇದಕ್ಕಿಂತ ಕಡಿಮೆ ಇದ್ದರೆ ಪಿರಮಿಡ್‌ಗೆ ಜಾಗ ಇದೆ. ಆರಕ್ಕೆ 120, ಏಳಕ್ಕೆ 128.57. ಗಡಿ ಎರಡರ ನಡುವೆ ಬಿತ್ತು. ಆರಕ್ಕೂ ಏಳಕ್ಕೂ ನಡುವೆ ಆಗಿದ್ದು ಇದೇ, ಮಗಳಿಗೆ ಹೇಳಿ.

ಅಕ್ಕಪಕ್ಕದ ಎರಡೂ ಗೋಡೆಗೆ ಪಿರಮಿಡ್ ಹಚ್ಚಿದರೆ ನಡುವಿನ ಅಂಚಿನಲ್ಲಿ 54.74 ಎರಡು ಸಲ ಕೂಡುತ್ತದೆ, 109.47. ಉಳಿಯುವುದು 70.53 ಮಾತ್ರ. ಅಷ್ಟರಲ್ಲಿ ಹಿಡಿಸುವುದು ತ್ರಿಭುಜ ಪ್ರಿಸಮ್‌ನ 60 ಒಂದೇ. ಘನದ 90 ಹಿಡಿಸುವುದಿಲ್ಲ. ಅದಕ್ಕೇ ತ್ರಿಭುಜ ಪ್ರಿಸಮ್‌ಗೆ ಮಾತ್ರ ಮೂರೂ ಗೋಡೆ ಸಿಕ್ಕಿದ್ದು. ಹಾಗೆ ಬಂದ ಆಕೃತಿಗೆ 14 ಮುಖ, ಎಲ್ಲವೂ ತ್ರಿಭುಜ. 9 ಮೂಲೆ, 21 ಅಂಚು. ಮಕ್ಕಳು ಎಣಿಸಿ ನೋಡಲಿ, 9 − 21 + 14 = 2, ಆಯ್ಲರ್ ಸೂತ್ರ ಸರಿಯಾಗಿ ಕೂರುತ್ತದೆ.

ಚತುರ್ಮುಖಿಯ ಅಂಚು 70.53. ಎರಡು ಸೇರಿದರೆ 141.06, ಪರವಾಗಿಲ್ಲ. ಮೂರನೆಯದು ಬಂದರೆ 211 ದಾಟುತ್ತದೆ. ಅಷ್ಟಮುಖಿಯ ಅಂಚು 109.47. ಅದಕ್ಕೆ 70.53 ಕೂಡಿಸಿ. ಸರಿಯಾಗಿ 180! ನಿಮ್ಮ ಅಂಚು ಮಾಯವಾಗಿದ್ದು ಇಲ್ಲಿ. ರಟ್ಟಿನ ಕೆಲಸದಲ್ಲಿ ಹೆಚ್ಚುಕಮ್ಮಿಯಾಗಿ ಹಾಗೆ ಕಂಡಿದ್ದಲ್ಲ, ಲೆಕ್ಕವೇ ಹಾಗಿದೆ.

ಇದೇ ಲೆಕ್ಕ 1980ರಲ್ಲಿ ಅಮೆರಿಕದ ಒಂದು ದೊಡ್ಡ ಪರೀಕ್ಷೆಯಲ್ಲಿ ಬಂದಿತ್ತು. ಚೌಕ ಪಿರಮಿಡ್‌ಗೆ ಚತುರ್ಮುಖಿ ಅಂಟಿಸಿದರೆ ಹೊರಗೆ ಎಷ್ಟು ಮುಖ ಕಾಣುತ್ತವೆ ಅಂತ ಪ್ರಶ್ನೆ. ಪರೀಕ್ಷೆ ನಡೆಸಿದವರ ಉತ್ತರ 7. ಒಬ್ಬ ವಿದ್ಯಾರ್ಥಿ 5 ಅಂತ ಬರೆದ, ಅವನದೇ ಸರಿಯಾಯಿತು. ಐದೂ ನಾಲ್ಕೂ ಒಂಬತ್ತು, ಅಂಟಿದ ಎರಡು ಹೋಗಿ ಏಳು, ಅಷ್ಟಕ್ಕೆ ಎಲ್ಲರೂ ನಿಲ್ಲುತ್ತಾರೆ. ಆದರೆ ಎರಡು ಅಂಚಿನಲ್ಲಿ ಮೊತ್ತ 180 ಆಗಿ, ಎರಡು ಜೋಡಿ ತ್ರಿಭುಜ ಸೇರಿ ಎರಡು ವಜ್ರಾಕೃತಿ ಆಗುತ್ತವೆ. ನಿಮ್ಮ ಟೇಬಲ್ ಮೇಲೆ ಈ ಪ್ರಶ್ನೆಯನ್ನು ಬರೆದಿಟ್ಟು, ಪಕ್ಕದಲ್ಲಿ ಎರಡು ಬಿಡಿ ಆಕೃತಿ ಇಡಿ. ಬಂದವರೇ ಜೋಡಿಸಿ ನೋಡಲಿ.


ಸೇಡಂ_ಗಣಿತ:

ಮೇಡಂ, ತುಂಬಾ ಧನ್ಯವಾದ. ಇವತ್ತು ತರಗತಿಯಲ್ಲಿ 125.26 ಅಂತ ಬೋರ್ಡಿನ ಮೇಲೆ ಬರೆದು ಸುಮ್ನೆ ನಿಂತೆ. ಮಕ್ಕಳೇ ಒಳಕೋನಗಳ ಪಟ್ಟಿ ಹಾಕಿ, ಎಲ್ಲಿ ಗೆರೆ ಎಳೆಯಬೇಕು ಅಂತ ತೋರಿಸಿದರು. ಎಂಟಕ್ಕೆ, ಒಂಬತ್ತಕ್ಕೆ ಮಾಡಿ ನೋಡುವ ಅಗತ್ಯವೇ ಇಲ್ಲ, ಕೋನ ಬೆಳೆಯುತ್ತಲೇ ಹೋಗುತ್ತದೆ ಅಂತ ಹಿಂದಿನ ಬೆಂಚಿನ ಹುಡುಗ ಹೇಳಿದ. ಅಷ್ಟು ಖುಷಿ ಆಯ್ತು.

ಒಂದು ತೊಂದರೆ. ಷಡ್ಭುಜದ ಮಾಡೆಲ್‌ನಲ್ಲಿ 120 + 54.74 = 174.74. ಕಣ್ಣಿಗೆ ಅದು ಸಪಾಟೇ ಕಾಣುತ್ತದೆ. ಸಪ್ತಭುಜದ 183.31 ಕೂಡ ಹೆಚ್ಚುಕಮ್ಮಿ ಸಪಾಟು. ನೋಡುವವರಿಗೆ ವ್ಯತ್ಯಾಸ ತೋರಿಸುವುದು ಹೇಗೆ?


ಡ್ರಾಯಿಂಗ್_ಮೇಡಂ_ಕಲಬುರಗಿ:

ಸ್ಟೀಲ್ ಸ್ಕೇಲ್ ಇಟ್ಟು ತೋರಿಸಿ. ಅಂಟಿದ ಅಂಚಿಗೆ ಅಡ್ಡಲಾಗಿ, ಸ್ಕೇಲಿನ ಅಂಚು ಕೆಳಗೆ ಬರುವಂತೆ ನಿಲ್ಲಿಸಬೇಕು. ಷಡ್ಭುಜದ ಮೇಲೆ ಸ್ಕೇಲ್ ಆ ಕಡೆ ಈ ಕಡೆ ಅಲ್ಲಾಡುತ್ತದೆ. ಒಂದು ಮುಖಕ್ಕೆ ಒತ್ತಿ ಹಿಡಿದರೆ ಇನ್ನೊಂದು ಮುಖದ ಮೇಲೆ, ಅಂಚಿನಿಂದ 5 ಸೆಂ.ಮೀ. ದೂರದಲ್ಲಿ, ಸುಮಾರು ಅರ್ಧ ಸೆಂ.ಮೀ. ಸಂದು ಬಿಡುತ್ತದೆ. ಸಪ್ತಭುಜದ ಮೇಲೆ ಸ್ಕೇಲ್ ಅಲ್ಲಾಡುವುದಿಲ್ಲ. ಎರಡೂ ತುದಿ ತಾಗಿ, ಮಧ್ಯದಲ್ಲಿ ಒಂದೂವರೆ ಮಿ.ಮೀ. ಹತ್ತಿರ ಸಂದು ಬರುತ್ತದೆ. ಕಿಟಕಿ ಕಡೆ ಹಿಡಿದರೆ ಆ ಸಂದಿಯಲ್ಲಿ ಬೆಳಕು ಕಾಣುತ್ತದೆ. ಮಗುವಿಗೂ ತಿಳಿಯುತ್ತದೆ.

ಇದು ಕಾಣಬೇಕಾದರೆ ಕೆಲಸ ಚೊಕ್ಕ ಇರಬೇಕು. ದಪ್ಪ ರಟ್ಟು ಬೇಡ, ಮದುವೆ ಕಾರ್ಡಿನಷ್ಟು ದಪ್ಪದ ಕಾಗದ ಸಾಕು. ಮಡಿಚುವ ಮೊದಲು ಗೆರೆಯ ಮೇಲೆ ಇಂಕು ಮುಗಿದ ರೀಫಿಲ್‌ನಿಂದ ಸ್ಕೇಲ್ ಹಿಡಿದು ಒಂದು ಸಲ ಗಟ್ಟಿಯಾಗಿ ಎಳೆಯಿರಿ, ಮಡಿಕೆ ನೇರ ಬರುತ್ತದೆ. ಒಳಗೆ ಮುಚ್ಚಿಹೋಗುವ ಮುಖಗಳನ್ನು ಕತ್ತರಿಸಲೇಬೇಡಿ. ಪ್ರಿಸಮ್‌ನ ಒಂದು ಗೋಡೆ ಖಾಲಿ ಬಿಟ್ಟು, ಪಿರಮಿಡ್‌ಗೆ ಬುಡ ಬಿಟ್ಟು, ಬಾಯಿಗೆ ಬಾಯಿ ಹಚ್ಚಬೇಕು. ಇಲ್ಲದಿದ್ದರೆ ಎರಡು ಪದರ ಕಾಗದ, ನಡುವೆ ಗೋಂದು, ಎಲ್ಲ ಸೇರಿ ಆ ಒಂದೂವರೆ ಮಿ.ಮೀ. ಅಲ್ಲೇ ಮುಳುಗಿಹೋಗುತ್ತದೆ. ಗೋಂದು ತೆಳ್ಳಗೆ ಹಚ್ಚಿ. ನಮ್ಮ ಕಡೆ ಬಿಸಿಲಿಗೆ ಬೇಗ ಒಣಗುತ್ತದೆ, ಆದರೆ ಬಿಸಿಲಿನಲ್ಲಿ ಇಡಬೇಡಿ, ಕಾಗದ ಸೊಟ್ಟಗಾಗುತ್ತದೆ.

ಇನ್ನೊಂದು ಮಾಡಿಸಿ. ತ್ರಿಭುಜ ಪ್ರಿಸಮ್ ಎರಡು ತಗೊಳ್ಳಿ. ಚೌಕ ಗೋಡೆಗೆ ಚೌಕ ಗೋಡೆ ಸೇರಿಸಿ. ತ್ರಿಭುಜದ ಎದುರು ತ್ರಿಭುಜ ಬಂದರೆ 90 + 90 = 180, ತ್ರಿಭುಜಗಳು ಕೂಡಿ ಹೋದವು, ಆಟ ಮುಗಿಯಿತು. ಈಗ ಮೇಲಿನದನ್ನು ಕಾಲು ಸುತ್ತು ತಿರುಗಿಸಿ. ನಾಲ್ಕೂ ಅಂಚಿನಲ್ಲಿ 60 + 90 = 150. ನಾಲ್ಕು ತ್ರಿಭುಜ, ನಾಲ್ಕು ಚೌಕದ ಹೊಸ ಆಕೃತಿ ಸಿಕ್ಕಿತು! ಅವೇ ತುಂಡು, ಅದೇ ಮುಖ, ಬರೀ ತಿರುಗಿಸಿದ್ದಕ್ಕೆ ಲೆಕ್ಕವೇ ಬದಲಾಯಿತು. ಈ ಆಕೃತಿಗೆ ಇನ್ನೊಂದು ಗುಣ ಇದೆ. ಇವುಗಳನ್ನೇ ಒಂದರ ಪಕ್ಕ ಒಂದು ಜೋಡಿಸುತ್ತ ಹೋದರೆ ನಡುವೆ ಸಂದು ಇಲ್ಲದೆ ಜಾಗ ಪೂರ್ತಿ ತುಂಬುತ್ತದೆ. ಹತ್ತಾರು ಮಾಡಿಸಿ ಒಂದು ಗೋಡೆ ಕಟ್ಟಿಸಿ ನೋಡಿ.


ಬೀದರ್_ಆರ್ಕಿಟೆಕ್ಚರ್:

ಮೇಡಂ ಹೇಳಿದ "ತಿರುಗಿಸುವುದು" ಓದಿ ಬರೆಯಲೇಬೇಕು ಅನ್ನಿಸಿತು. ನಾನು ಬೀದರಿನವನು, ಆರ್ಕಿಟೆಕ್ಚರ್ ಓದುತ್ತಿದ್ದೇನೆ. ಅಳತೆ ತೆಗೆದು ಚಿತ್ರ ಬರೆಯುವ ಅಭ್ಯಾಸಕ್ಕೆ ಅಷ್ಟೂರಿನ ಬಹಮನಿ ಗೋರಿಗಳಿಗೆ ಹೋಗುತ್ತಿರುತ್ತೇನೆ. ಅಲ್ಲಿ ಕೋಣೆ ಚೌಕ, ಮೇಲೆ ಗುಮ್ಮಟ ದುಂಡು. ಚೌಕದ ಮೇಲೆ ದುಂಡನ್ನು ನೇರವಾಗಿ ಕೂರಿಸಲು ಆಗುವುದಿಲ್ಲ, ಅದಕ್ಕೆ ನಾಲ್ಕು ಮೂಲೆಗೆ ಅಡ್ಡ ಕಮಾನು ಕಟ್ಟಿ ಮೊದಲು ಎಂಟು ಮೂಲೆ ಮಾಡುತ್ತಾರೆ.

ಸರ್ ಆಟದಲ್ಲಿ ಇದಕ್ಕೆ ಹತ್ತಿರದ ಆಕೃತಿ ಒಂದಿದೆ, ಕ್ಯುಪೋಲಾ ಅಂತಾರೆ. ಕೆಳಗೆ ಅಷ್ಟಭುಜ, ಮೇಲೆ ಚೌಕ, ಸುತ್ತ ನಾಲ್ಕು ಚೌಕ ನಾಲ್ಕು ತ್ರಿಭುಜ ಒಂದು ಬಿಟ್ಟು ಒಂದು. ಗೋರಿಯ ಒಳಗಿನ ಆಕಾರವೂ ಇದೂ ಒಂದೇ ಅಲ್ಲ. ಆದರೆ ನಾಲ್ಕನ್ನು ಎಂಟು ಮಾಡುವ ಲೆಕ್ಕ ಒಂದೇ, ಮೂಲೆಗೊಂದು ಹೊಸ ಅಂಚು. ತ್ರಿಭುಜದಿಂದ ಷಡ್ಭುಜಕ್ಕೆ, ಪಂಚಭುಜದಿಂದ ದಶಭುಜಕ್ಕೆ ಹೋಗುವ ಕ್ಯುಪೋಲಾಗಳೂ ಇವೆ. ಷಡ್ಭುಜದಿಂದ ಶುರು ಮಾಡಿದರೆ ಮಾತ್ರ ಆಗುವುದಿಲ್ಲ. ಮೂಲೆಯಲ್ಲಿ ಷಡ್ಭುಜದ 120, ಎರಡು ಚೌಕದ 180, ತ್ರಿಭುಜದ 60 ಸೇರಿ 360 ಆಗಿ ನೆಲಕ್ಕೆ ಮಲಗಿಬಿಡುತ್ತದೆ. ಹಾಗೇ ಆರು ತ್ರಿಭುಜದ ಪಿರಮಿಡ್ ಕೂಡ ಇಲ್ಲ.

ಈಗ ಅಷ್ಟಭುಜ ಪ್ರಿಸಮ್ ಒಂದಕ್ಕೆ ತಲೆಗೊಂದು, ಬುಡಕ್ಕೊಂದು ಕ್ಯುಪೋಲಾ ಹಚ್ಚಿ. ಮೇಲಿನ ಚೌಕದ ನೇರಕ್ಕೆ ಕೆಳಗೂ ಚೌಕ ಬರುವಂತೆ ಹಚ್ಚಿದರೆ 26 ಮುಖದ ಆಕೃತಿ, 18 ಚೌಕ, 8 ತ್ರಿಭುಜ. ಆರ್ಕಿಮಿಡೀಸ್ ಹೆಸರಿನ 13 ಆಕೃತಿಗಳಲ್ಲಿ ಇದೂ ಒಂದು. ಇನ್ನೊಂದು ಮಾಡಿ, ಅದರ ತಲೆಯನ್ನು 45 ಡಿಗ್ರಿ ತಿರುಗಿಸಿ ಹಚ್ಚಿ. ಅದೇ 26 ಮುಖ. ಪ್ರತಿ ಮೂಲೆಯಲ್ಲೂ ಮೂರು ಚೌಕ, ಒಂದು ತ್ರಿಭುಜ, ಎರಡರಲ್ಲೂ. ಮೂಲೆ ಮೂಲೆ ಹೋಲಿಸಿದರೆ ವ್ಯತ್ಯಾಸ ಸಿಗುವುದೇ ಇಲ್ಲ!

ವ್ಯತ್ಯಾಸ ಪಟ್ಟಿಯಲ್ಲಿದೆ. ಮೊದಲನೆಯದರಲ್ಲಿ ಎಂಟು ಚೌಕ ಸಾಲಾಗಿ ಸುತ್ತು ಹಾಕುವ ಪಟ್ಟಿ ಮೂರು ಕಡೆ ಸಿಗುತ್ತವೆ. ತಿರುಗಿಸಿದ್ದರಲ್ಲಿ ಅಡ್ಡ ಪಟ್ಟಿ ಒಂದೇ. ಮೇಲಕ್ಕೆ ಹೊರಟರೆ ಚೌಕದ ನಂತರ ತ್ರಿಭುಜ ಅಡ್ಡ ಬರುತ್ತದೆ. ಪಟ್ಟಿಗಳಿಗೆ ಬಣ್ಣ ಹಚ್ಚಿ ಎರಡನ್ನೂ ಪಕ್ಕಪಕ್ಕ ಇಡಿ ಸರ್, ನೋಡಿದವರು ಕೈಯಲ್ಲಿ ಹಿಡಿದು ತಿರುಗಿಸದೆ ಹೋಗುವುದಿಲ್ಲ.


ಯಾದಗಿರಿ_ಓದುಗ:

ಒಟ್ಟು ಎಷ್ಟು ಅಂತ ಸರ್ ಕೇಳಿದ್ದರು, ಅದಕ್ಕೆ ಉತ್ತರ ಬಾಕಿ ಇದೆ. 92.

ಈ ಸಂಖ್ಯೆ ಬರುವುದು ಎಲ್ಲರಿಗೂ ಗೊತ್ತಿರುವ ಆಕೃತಿಗಳನ್ನು ಬಿಟ್ಟ ಮೇಲೆ. ಘನ, ಚತುರ್ಮುಖಿ ಇತ್ಯಾದಿ 5 ಪ್ಲೇಟೊ ಆಕೃತಿಗಳು, 13 ಆರ್ಕಿಮಿಡೀಸ್ ಆಕೃತಿಗಳು, ಜತೆಗೆ ಪ್ರಿಸಮ್ ಮತ್ತು ಪ್ರತಿಪ್ರಿಸಮ್‌ಗಳು. ಪ್ರತಿಪ್ರಿಸಮ್ ಅಂದರೆ ತಲೆಯನ್ನು ತಿರುಗಿಸಿ, ಸುತ್ತ ಚೌಕದ ಬದಲು ತ್ರಿಭುಜ ಹಾಕಿದ್ದು. ಕೊನೆಯ ಎರಡು ಬಗೆಗೆ ಲೆಕ್ಕವೇ ಇಲ್ಲ, ಬುಡದ ಬದಿ ಹೆಚ್ಚಿಸುತ್ತ ಹೋದಷ್ಟೂ ಸಿಗುತ್ತವೆ. ಇವನ್ನೆಲ್ಲ ಬಿಟ್ಟು, ಎಲ್ಲ ಮುಖ ನಿಯಮಿತವಾಗಿರುವ ಪೀನ ಆಕೃತಿಗಳು ಇನ್ನೆಷ್ಟು ಅಂತ ಅಮೆರಿಕದ ನಾರ್ಮನ್ ಜಾನ್ಸನ್ 1966ರಲ್ಲಿ ಪಟ್ಟಿ ಮಾಡಿದರು. ಪ್ರತಿಯೊಂದಕ್ಕೂ ಹೆಸರು, ಸಂಖ್ಯೆ ಕೊಟ್ಟರು. 92ರ ಆಚೆ ಇಲ್ಲ ಅನ್ನುವುದು ಆಗ ಅವರ ಊಹೆ. ಅದನ್ನು ಸಾಧಿಸಿದವರು ರಷ್ಯಾದ ವಿಕ್ಟರ್ ಝಲ್ಗಾಲರ್, 1960ರ ದಶಕದ ಕೊನೆಯಲ್ಲಿ, ಕಂಪ್ಯೂಟರ್ ನೆರವಿನಿಂದ. ನಿಮ್ಮ ಮಕ್ಕಳ ಎರಡು ಚತುರ್ಮುಖಿಯ ಜೋಡಿ ಆ ಪಟ್ಟಿಯಲ್ಲಿ 12ನೆಯದು. ಮೇಡಂ ಹೇಳಿದ ಕಾಲು ಸುತ್ತಿನ ಪ್ರಿಸಮ್ 26. ಬೀದರಿನವರ ತಿರುಗಿಸಿದ ತಲೆ 37. ಮೂರು ಪಿರಮಿಡ್‌ನ ತ್ರಿಭುಜ ಪ್ರಿಸಮ್ 51. ಷಡ್ಭುಜ ಪ್ರಿಸಮ್‌ಗೆ ಒಂದು ಪಿರಮಿಡ್ ಹಚ್ಚಿದ್ದು 54.

ಆದರೆ ಎಲ್ಲವೂ ಅಂಟಿಸಿ ಬರುವುದಿಲ್ಲ. ನನಗೆ ಬಹಳ ಹಿಡಿಸುವುದು ಇದೇ ವಿಷಯ. 1ರಿಂದ 83ರ ತನಕ ಎಲ್ಲವೂ ಗೊತ್ತಿರುವ ಆಕೃತಿಗಳನ್ನು ಕತ್ತರಿಸಿಯೋ, ತಿರುಗಿಸಿಯೋ, ಅಂಟಿಸಿಯೋ ಬರುತ್ತವೆ. 84ರಿಂದ ಮುಂದಿನ ಒಂಬತ್ತು ಬೇರೆಯದೇ ಜಾತಿ. ಅದರಲ್ಲಿ 87 ಮಾತ್ರ 86ಕ್ಕೆ ಪಿರಮಿಡ್ ಹಚ್ಚಿದ್ದು. 84ಕ್ಕೆ ಹನ್ನೆರಡು ಸಮಬಾಹು ತ್ರಿಭುಜ ಸಾಕು, ಆದರೆ ನಿಮ್ಮ ನಿಯಮ ಪಾಲಿಸುವ ಎರಡು ತುಂಡಾಗಿ ಅದನ್ನು ಕತ್ತರಿಸಲು ಆಗುವುದಿಲ್ಲ. ಒಂದೇ ಏಟಿಗೆ ಇಡಿಯಾಗಿ ಕಟ್ಟಬೇಕು.

ಸಮಯ ಕಡಿಮೆ ಇದ್ದರೆ ಬರೀ ತ್ರಿಭುಜದ ಆಕೃತಿಗಳನ್ನೇ ಇಡಿ. ಒಂದೇ ಅಚ್ಚು ಸಾಕು. ಪೀನವಾದವು ಎಂಟೇ ಎಂಟು, ಮುಖಗಳು 4, 6, 8, 10, 12, 14, 16, 20. ನಡುವೆ 18 ಇಲ್ಲ. ಎಂಟೇ ಅನ್ನುವುದನ್ನು 1947ರಲ್ಲಿ ಫ್ರಾಯ್ಡೆಂಥಾಲ್ ಮತ್ತು ವಾನ್ ಡೆರ್ ವಾರ್ಡೆನ್ ಸಾಧಿಸಿದರು. 18 ಯಾಕಿಲ್ಲ ಅಂದರೆ, ಅದಕ್ಕೆ 11 ಮೂಲೆ ಬೇಕು. ಒಂದು ಮೂಲೆಯಲ್ಲಿ ನಾಲ್ಕು ತ್ರಿಭುಜ, ಉಳಿದ ಹತ್ತರಲ್ಲಿ ಐದೈದು ಬರಬೇಕು. ಹಾಗೆ ಜೋಡಿಸುತ್ತ ಹೋದರೆ ಕೊನೆಗೆ ಎಲ್ಲೋ ಒಂದು ಕಡೆ ಮುಚ್ಚುವುದೇ ಇಲ್ಲ. ಎಂಟನ್ನೂ ಸಾಲಾಗಿಟ್ಟು, 16 ಮತ್ತು 20ರ ನಡುವೆ 18ರ ಜಾಗ ಖಾಲಿ ಬಿಡಿ. ಜನ ಕೇಳಿಯೇ ಕೇಳುತ್ತಾರೆ, ಮಕ್ಕಳಿಗೆ ಹೇಳಲು ವಿಷಯ ಸಿಗುತ್ತದೆ.


ಸೇಡಂ_ಗಣಿತ:

ಎಲ್ಲರಿಗೂ ಶರಣು. ಎಂಟು ತ್ರಿಭುಜ ಆಕೃತಿ, ಖಾಲಿ ಜಾಗ, ಬೀದರ್ ಅಣ್ಣನ ಎರಡು 26 ಮುಖದವು, ಸ್ಕೇಲ್ ಇಡುವ ಷಡ್ಭುಜ ಮತ್ತು ಸಪ್ತಭುಜ. ಇಷ್ಟು ತೀರ್ಮಾನ ಆಯ್ತು. ಮಕ್ಕಳದ್ದೇ ಒಂದು ಕೊನೆಯ ಪ್ರಶ್ನೆ ಇದೆ ಮೇಡಂ. ಹನ್ನೆರಡು ಪಂಚಭುಜದ ದ್ವಾದಶಮುಖಿಗೆ ಪಂಚಭುಜ ಪಿರಮಿಡ್ ಎಷ್ಟು ಹಚ್ಚಬಹುದು? ಹನ್ನೆರಡಕ್ಕೂ ಹಚ್ಚಿದರೆ ನಕ್ಷತ್ರದ ಹಾಗೆ ಬರುತ್ತದೆ ಅಂತ ಅವರ ಆಸೆ.


ಡ್ರಾಯಿಂಗ್_ಮೇಡಂ_ಕಲಬುರಗಿ:

ಹನ್ನೆರಡಕ್ಕೂ ಹಚ್ಚಲಿ, ಚಂದವೇ ಬರುತ್ತದೆ, ಆದರೆ ನಿಮ್ಮ ನಿಯಮಕ್ಕೆ ಹೊರಗೆ. ದ್ವಾದಶಮುಖಿಯ ಅಂಚು 116.57. ಪಂಚಭುಜ ಪಿರಮಿಡ್ ಚಪ್ಪಟೆ, ಬುಡದ ಕೋನ 37.38 ಮಾತ್ರ. ಒಂದು ಹಚ್ಚಿದರೆ 153.95, ಸರಿ. ಅಕ್ಕಪಕ್ಕ ಎರಡು ಹಚ್ಚಿದರೆ ನಡುವಿನ ಅಂಚಿನಲ್ಲಿ 191 ದಾಟಿತು. ಅಂದರೆ ಪಿರಮಿಡ್ ಕೂತ ಮುಖಗಳು ಒಂದಕ್ಕೊಂದು ತಾಗಬಾರದು. ದ್ವಾದಶಮುಖಿಯಲ್ಲಿ ಹಾಗೆ ಆರಿಸಬಹುದಾದದ್ದು ಹೆಚ್ಚೆಂದರೆ ಮೂರು ಮುಖ. ಎರಡೇ ಹಚ್ಚುವುದಾದರೆ ಎರಡು ರೀತಿ ಇದೆ, ಒಂದು ಎದುರುಬದುರು, ಇನ್ನೊಂದು ನಡುವೆ ಒಂದು ಮುಖ ಬಿಟ್ಟು. ಮೂರೇ ಯಾಕೆ, ನಾಲ್ಕು ಯಾಕಾಗುವುದಿಲ್ಲ ಅನ್ನುವುದನ್ನು ನಾನು ಹೇಳುವುದಿಲ್ಲ. ದ್ವಾದಶಮುಖಿಯ ಮೇಲೆ ಪೆನ್ಸಿಲ್‌ನಿಂದ ಗುರುತು ಹಾಕಿ ಅವರೇ ನೋಡಲಿ, ಉತ್ತರ ಸಿಕ್ಕರೆ ಇಲ್ಲಿ ಬರೆಯಿರಿ.